ಗೆಲಾಕ್ಸಿಗೆ ಒಳಹರಿವು ಎಲ್ಲಿಂದ?

ಚನ್ನಗಿರಿ ಸೀಮೆಯಲ್ಲಿ ಸೂಳೆಕೆರೆಯ ಲೆಕ್ಕವೆಂದರೆ ಮೂರು ಸಂಗತಿ: ಕೆರೆಯಲ್ಲಿ ಈಗ ನೀರೆಷ್ಟಿದೆ, ಸಿದ್ಧನಾಲೆ ಬಸವನಾಲೆಗಳಲ್ಲಿ ಎಷ್ಟು ಹೊರಹೋಗುತ್ತಿದೆ, ಮೇಲಿನಿಂದ ಎಷ್ಟು ಬರುತ್ತಿದೆ. ಹೊನ್ನಾಳಿ, ನ್ಯಾಮತಿ ಕಡೆಯ ಹೊಳೆಸಾಲಿನವರಿಗೆ ತುಂಗಭದ್ರೆಯ ಏರಿಳಿತವೇ ಈ ಲೆಕ್ಕ. ಜಗಳೂರಿನವರಿಗೆ ಅದು ಇನ್ನೂ ಕಠಿಣವಾಗಿ ಗೊತ್ತು. ಮಳೆಯನ್ನೇ ನಂಬಿ ಸೋತ ಆ ಸೀಮೆಯ 57 ಕೆರೆಗಳಿಗೆ ತುಂಗಭದ್ರೆಯಿಂದ ನೀರೆತ್ತಿ ತುಂಬಿಸುವ ಯೋಜನೆಯೇ ಬರಬೇಕಾಯಿತು. ನಿಂತ ನೀರನ್ನು ಅಳೆಯುವುದು ಸುಲಭ. ತೂಬಿನಿಂದ ಹೋಗುವುದನ್ನೂ ಅಳೆಯಬಹುದು. ಹತ್ತಾರು ಹಳ್ಳಗಳಲ್ಲಿ, ನೆಲದಡಿಯ ಸೆಲೆಗಳಲ್ಲಿ ಬರುವ ಒಳಹರಿವು ಮಾತ್ರ ಸುಲಭಕ್ಕೆ ಲೆಕ್ಕಕ್ಕೆ ಸಿಗುವುದಿಲ್ಲ. ಗೆಲಾಕ್ಸಿಗಳಲ್ಲಿರುವ ಜಲಜನಕದ ವಿಷಯದಲ್ಲಿ ಖಗೋಳ ವಿಜ್ಞಾನಿಗಳ ಪಾಡೂ ಇದೇ.

ನಮ್ಮ ಆಕಾಶಗಂಗೆಯೂ ಸೇರಿ ಎಲ್ಲ ಗೆಲಾಕ್ಸಿಗಳಲ್ಲೂ ನಕ್ಷತ್ರ ಹುಟ್ಟುವುದು ಅನಿಲದಿಂದ. ಆ ಅನಿಲದ ಬಹುಪಾಲು ಜಲಜನಕ. ಆಕಾಶಗಂಗೆಯಲ್ಲಿ ವರ್ಷಕ್ಕೆ ಸರಾಸರಿ ಒಂದೆರಡು ಸೂರ್ಯರಷ್ಟು ಅನಿಲ ನಕ್ಷತ್ರಗಳಾಗಿ ಖರ್ಚಾಗುತ್ತದೆ. ದಾಸ್ತಾನಿನಲ್ಲಿರುವ ತಟಸ್ಥ ಜಲಜನಕ ಕೆಲವು ನೂರು ಕೋಟಿ ಸೂರ್ಯರಷ್ಟು. ಭಾಗಿಸಿ ನೋಡಿದರೆ ಕೆಲವು ನೂರು ಕೋಟಿ ವರ್ಷಗಳಲ್ಲಿ ಎಲ್ಲ ಬರಿದಾಗಬೇಕು. ಆದರೆ ಆಕಾಶಗಂಗೆಯಲ್ಲಿ ಸಾವಿರ ಕೋಟಿ ವರ್ಷಗಳಿಂದಲೂ ನಕ್ಷತ್ರಗಳು ಹುಟ್ಟುತ್ತಲೇ ಬಂದಿವೆ. ಹಾಗಾದರೆ ಹೊರಗಿನಿಂದ ಹೊಸ ಅನಿಲ ಬರುತ್ತಲೇ ಇರಬೇಕು. ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಯಾವ ಕಾಲದಲ್ಲಿ ಹೆಚ್ಚು ಬಂತು, ಯಾವಾಗ ಕಡಿಮೆಯಾಯಿತು ಎಂಬುದೇ ಈ ಕ್ಷೇತ್ರದ ದೊಡ್ಡ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವ ಕೆಲಸದ ಗಣನೀಯ ಭಾಗ ನಡೆದಿರುವುದು ಬೆಂಗಳೂರಿನ ಸಂಸ್ಥೆಗಳಲ್ಲಿ, ಗೌರಿಬಿದನೂರಿನ ಬಯಲಲ್ಲಿ, ಶರಾವತಿಯ ಹಿನ್ನೀರಿನಲ್ಲಿ. ಕನ್ನಡದಲ್ಲಿ ಈ ಕಥೆಯನ್ನು ಹೇಳಿದವರು ಕಡಿಮೆ. ಅದಕ್ಕಾಗಿಯೇ ಈ ಸಮೀಕ್ಷೆ.

ಮೊದಲು ಅಳತೆಗೋಲಿನ ವಿಚಾರ. ಜಲಜನಕದ ಪರಮಾಣುವಿನಲ್ಲಿರುವುದು ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎರಡಕ್ಕೂ ಸ್ಪಿನ್ ಎಂಬ ಗುಣವಿದೆ. ಎರಡರ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಪರಮಾಣುವಿನ ಶಕ್ತಿ ಅತ್ಯಲ್ಪ ಪ್ರಮಾಣದಲ್ಲಿ ಹೆಚ್ಚು, ಎದುರುಬದುರಾಗಿದ್ದರೆ ಕಡಿಮೆ. ಎಲೆಕ್ಟ್ರಾನಿನ ಸ್ಪಿನ್ ಮಗುಚಿದಾಗ ಆ ವ್ಯತ್ಯಾಸ 21 ಸೆಂಟಿಮೀಟರ್ ತರಂಗದೂರದ ರೇಡಿಯೋ ಅಲೆಯಾಗಿ ಹೊರಬೀಳುತ್ತದೆ. ಅದರ ಆವೃತ್ತಿ 1420.4 ಮೆಗಾಹರ್ಟ್ಸ್. ಹೊನ್ನಾಳಿಯಲ್ಲಿ ಕೂತು ಕೇಳುವ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 444 ಮೀಟರ್. ಜಾತಿಯಲ್ಲಿ ಎರಡೂ ಒಂದೇ, ಅಳತೆಯಲ್ಲಿ ಮಾತ್ರ ಬೇರೆ. ಒಂದು ಪರಮಾಣು ತಾನಾಗಿ ಹೀಗೆ ಮಗುಚಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದರೂ ಒಂದು ಗೆಲಾಕ್ಸಿಯಲ್ಲಿ ಪರಮಾಣುಗಳು ಎಣಿಕೆಗೆ ಮೀರಿ ಇರುವುದರಿಂದ ಪ್ರತಿ ಕ್ಷಣವೂ ಅಸಂಖ್ಯ ಪರಮಾಣುಗಳು ಈ ಅಲೆಯನ್ನು ಸೂಸುತ್ತಿರುತ್ತವೆ. ಬೆಳಕನ್ನು ತಡೆಯುವ ಧೂಳು ಈ ಅಲೆಯನ್ನು ತಡೆಯುವುದಿಲ್ಲ. ಬೆಳಕಿನ ದೂರದರ್ಶಕಕ್ಕೆ ಕಾಣದ ಗೆಲಾಕ್ಸಿಯ ಆಚೆ ಬದಿಯೂ ರೇಡಿಯೋಗೆ ಕಾಣುತ್ತದೆ.

ಈ ಅಲೆ ಇರಬೇಕೆಂದು 1944ರಲ್ಲಿ ಲೆಕ್ಕ ಹಾಕಿದವರು ನೆದರ್ಲ್ಯಾಂಡ್ಸ್‌ನ ಹೆಂಡ್ರಿಕ್ ವಾನ್ ಡಿ ಹುಲ್ಸ್ಟ್. ಆಗ ಅವರ ದೇಶ ಜರ್ಮನಿಯ ವಶದಲ್ಲಿತ್ತು. 1951ರ ಮಾರ್ಚ್ 25ರಂದು ಹಾರ್ವರ್ಡ್‌ನಲ್ಲಿ ಹೆರಾಲ್ಡ್ ಯೂವೆನ್ ಮತ್ತು ಎಡ್ವರ್ಡ್ ಪರ್ಸೆಲ್ ಅದನ್ನು ಹಿಡಿದರು. ಅವರ ಸಾಧನ ಪ್ರಯೋಗಾಲಯದ ಕಿಟಕಿಯಿಂದ ಹೊರಚಾಚಿದ, ಒಳಗೆ ತಾಮ್ರ ಹೊದಿಸಿದ ಒಂದು ಮರದ ಕಹಳೆ. ಮಳೆ ಬಂದರೆ ನೀರು ಅದರೊಳಗಿಂದ ಕೋಣೆಗೇ ಹರಿಯುತ್ತಿತ್ತಂತೆ. ಕೆಲವೇ ತಿಂಗಳುಗಳಲ್ಲಿ ನೆದರ್ಲ್ಯಾಂಡ್ಸ್ ಮತ್ತು ಆಸ್ಟ್ರೇಲಿಯಾದ ತಂಡಗಳೂ ಅದನ್ನು ಕಂಡು ದೃಢಪಡಿಸಿದವು.

ಈ ಅಲೆಯ ಬೆಲೆ ಇರುವುದು ಅದರ ನಿಖರತೆಯಲ್ಲಿ. ಅನಿಲ ನಮ್ಮಿಂದ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ದೂರ ಸರಿದರೆ ಆವೃತ್ತಿ ಸುಮಾರು 4.7 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ, ಹತ್ತಿರ ಬಂದರೆ ಅಷ್ಟೇ ಏರುತ್ತದೆ. ಹೀಗಾಗಿ ಒಂದೇ ಅಲೆಯಿಂದ ಅನಿಲ ಎಷ್ಟಿದೆ ಎಂಬುದೂ ಎತ್ತ ಓಡುತ್ತಿದೆ ಎಂಬುದೂ ಒಟ್ಟಿಗೆ ತಿಳಿಯುತ್ತದೆ. 1950ರ ದಶಕ ಮುಗಿಯುವುದರೊಳಗೆ ಆಕಾಶಗಂಗೆಯ ಸುರುಳಿ ತೋಳುಗಳ ಮೊದಲ ರೇಡಿಯೋ ನಕ್ಷೆ ಸಿದ್ಧವಾಗಿತ್ತು.

ಕರ್ನಾಟಕದ ಪಾಲು ಶುರುವಾಗುವುದು ವಿ. ರಾಧಾಕೃಷ್ಣನ್ ಅವರಿಂದ. ಸರ್ ಸಿ.ವಿ. ರಾಮನ್ ಅವರ ಮಗ ಎಂಬುದು ಅವರ ಪರಿಚಯದ ಒಂದು ಸಾಲು ಮಾತ್ರ. ಮೈಸೂರು ವಿಶ್ವವಿದ್ಯಾನಿಲಯದಿಂದ ಭೌತವಿಜ್ಞಾನದ ಪದವಿ ಪಡೆದು, ಸ್ವೀಡನ್‌ಗೆ ಹೋಗಿ, ರೇಡಿಯೋ ಉಪಕರಣ ಕಟ್ಟುವುದನ್ನು ಕೈಯಾರೆ ಮಾಡಿ ಕಲಿತವರು. ಕ್ಯಾಲ್‌ಟೆಕ್‌ನಲ್ಲಿದ್ದಾಗ ಬ್ಯಾರಿ ಕ್ಲಾರ್ಕ್ ಮತ್ತು ರಾಬರ್ಟ್ ವಿಲ್ಸನ್ ಜೊತೆ 1962ರಲ್ಲಿ ಜಲಜನಕದ ರೇಡಿಯೋ ಹೀರಿಕೆಯ ಬಗ್ಗೆ ಪ್ರಬಂಧ ಬರೆದರು. ಈ ವಿಲ್ಸನ್ ಅವರೇ ಮುಂದೆ ವಿಶ್ವದ ಹಿನ್ನೆಲೆ ವಿಕಿರಣವನ್ನು ಕಂಡು ನೊಬೆಲ್ ಹಂಚಿಕೊಂಡವರು. ನಂತರ ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ ರಾಧಾಕೃಷ್ಣನ್ ಮತ್ತು ಸಂಗಡಿಗರು ನಡೆಸಿದ ಹೀರಿಕೆಯ ಸಮೀಕ್ಷೆ 1972ರಲ್ಲಿ ಪ್ರಕಟವಾಯಿತು. ತಂದೆ ತೀರಿಕೊಂಡ ಮೇಲೆ ಅದೇ ವರ್ಷ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು, 1994ರವರೆಗೂ ಅಲ್ಲಿದ್ದರು.

ಹೀರಿಕೆ ಯಾಕೆ ಮುಖ್ಯ? ದೂರದ ಪ್ರಬಲ ರೇಡಿಯೋ ಆಕರವೊಂದರ ಎದುರಿಗೆ ಜಲಜನಕದ ಮೋಡವಿದ್ದರೆ ಅದು 21 ಸೆಂಟಿಮೀಟರ್ ಅಲೆಯಲ್ಲಿ ಸ್ವಲ್ಪವನ್ನು ಹೀರಿಕೊಳ್ಳುತ್ತದೆ. ಮೋಡ ತಣ್ಣಗಿದ್ದಷ್ಟೂ ಹೀರಿಕೆ ಹೆಚ್ಚು. ಬಿಸಿ ಅನಿಲ ಅಲೆ ಸೂಸುತ್ತದೆ, ಆದರೆ ಹೆಚ್ಚೇನೂ ಹೀರುವುದಿಲ್ಲ. ಎರಡನ್ನೂ ಹೋಲಿಸಿದರೆ ಅನಿಲದ ಉಷ್ಣತೆ ತಿಳಿಯುತ್ತದೆ. ಹೀಗೆ ಅಳೆದಾಗ ಆಕಾಶಗಂಗೆಯ ಜಲಜನಕ ಒಂದೇ ಬಗೆಯದಲ್ಲ ಎಂಬುದು ಸ್ಪಷ್ಟವಾಯಿತು. ನೂರು ಕೆಲ್ವಿನ್ ಆಸುಪಾಸಿನ ತಣ್ಣನೆಯ ಮೋಡಗಳು ಒಂದು ಕಡೆ, ಅವುಗಳ ನಡುವೆ ಹರಡಿಕೊಂಡ ಸಾವಿರಾರು ಕೆಲ್ವಿನ್‌ನ ತೆಳು ಅನಿಲ ಇನ್ನೊಂದು ಕಡೆ. ನಕ್ಷತ್ರ ಹುಟ್ಟುವುದು ತಣ್ಣನೆಯ ಭಾಗದಿಂದ. ಆದ್ದರಿಂದ ದಾಸ್ತಾನಿನಲ್ಲಿ ಒಟ್ಟು ಎಷ್ಟಿದೆ ಎಂದರೆ ಸಾಲದು, ಬಳಕೆಗೆ ಬರುವ ಸ್ಥಿತಿಯಲ್ಲಿ ಎಷ್ಟಿದೆ ಎಂಬುದೂ ಬೇಕು. ಈ ಎಳೆ ಬೆಂಗಳೂರಿನಲ್ಲಿ ಕಡಿಯಲಿಲ್ಲ. ರಾಮನ್ ಸಂಸ್ಥೆಯ ರೇಖೇಶ್ ಮೋಹನ್, ಕೆ.ಎಸ್. ದ್ವಾರಕಾನಾಥ್, ಜಿ. ಶ್ರೀನಿವಾಸನ್ 2004ರಲ್ಲಿ ಆಕಾಶಗಂಗೆಯ ತಟ್ಟೆಯಿಂದ ದೂರದ ದಿಕ್ಕುಗಳಲ್ಲಿ ಇಂಥದೇ ಹೀರಿಕೆಯ ಸಮೀಕ್ಷೆ ಪ್ರಕಟಿಸಿದರು. ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ನಿರುಪಮ್ ರಾಯ್, ಪುಣೆಯ ನಿಸ್ಸಿಮ್ ಕಾನೇಕರ್ ಮತ್ತು ಜಯರಾಂ ಚೆಂಗಲೂರ್ ಜೊತೆ ಸೇರಿ, ಅನಿಲದ ಗಣನೀಯ ಭಾಗ ಬಿಸಿಯೂ ಅಲ್ಲದ ತಣ್ಣನೆಯೂ ಅಲ್ಲದ ನಡುವಿನ ಸ್ಥಿತಿಯಲ್ಲಿದೆ ಎಂದು ತೋರಿಸಿದರು. ಹಳೆಯ ಸಿದ್ಧಾಂತದ ಪ್ರಕಾರ ಅಂಥ ಅನಿಲ ಬಹುಕಾಲ ಉಳಿಯಲಾರದು. ಆದರೂ ಉಳಿದಿದೆ. ಅದಕ್ಕೆ ಕಾರಣ ಏನೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ರಾಧಾಕೃಷ್ಣನ್ ಕಾಲದಲ್ಲಿ ಬೆಂಗಳೂರಿನಲ್ಲಿ ಬೇರೂರಿದ ಇನ್ನೊಂದು ಪದ್ಧತಿ ಉಪಕರಣವನ್ನು ತಾವೇ ಕಟ್ಟುವುದು. 1976ರಿಂದ ಗೌರಿಬಿದನೂರಿನ ಬಳಿ ರಾಮನ್ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಜೊತೆಗೂಡಿ ಸಾವಿರ ಡೈಪೋಲ್‌ಗಳ ಟಿ ಆಕಾರದ ದೂರದರ್ಶಕ ನಡೆಸಿದವು. ಅದು ಕೆಲಸ ಮಾಡುತ್ತಿದ್ದದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಜಲಜನಕದ ಅಲೆಗಿಂತ ಬಹಳ ಕೆಳಗೆ. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಅದರಿಂದ ಆಕಾಶದ ನಕ್ಷೆ ಪ್ರಕಟಿಸಿದರು. ಆಕಾಶ ತಾನಾಗಿಯೇ ಎಷ್ಟು ಗದ್ದಲ ಮಾಡುತ್ತದೆ ಎಂಬ ಈ ಅರಿವು ಮುಂದೆ ಜಲಜನಕದ ಅತಿ ಕ್ಷೀಣ ಅಲೆ ಹುಡುಕುವವರಿಗೆ ಅನಿವಾರ್ಯವಾಯಿತು. ಪುಣೆ ಜಿಲ್ಲೆಯ ಖೊಡದ್‌ನಲ್ಲಿ ಗೋವಿಂದ ಸ್ವರೂಪ್ ನೇತೃತ್ವದಲ್ಲಿ 45 ಮೀಟರ್ ಅಗಲದ 30 ಆಂಟೆನಾಗಳ ಜಿಎಂಆರ್‌ಟಿ ಎದ್ದಾಗ, ಜಲಜನಕದ ಅಲೆ ಬೀಳುವ 1000ರಿಂದ 1450 ಮೆಗಾಹರ್ಟ್ಸ್ ಪಟ್ಟಿಯ ಫೀಡ್‌ಗಳನ್ನು ಮಾಡಿಕೊಟ್ಟದ್ದು ರಾಮನ್ ಸಂಸ್ಥೆಯೇ. ಜಿಎಂಆರ್‌ಟಿ ಮಹಾರಾಷ್ಟ್ರದ್ದು ಎಂದು ನಾವು ಸುಮ್ಮನಾಗುವುದುಂಟು. ಅದರ ಕಿವಿಯ ಒಂದು ಭಾಗ ಬೆಂಗಳೂರಿನ ಸದಾಶಿವನಗರದಲ್ಲಿ ತಯಾರಾದದ್ದು.

ಹತ್ತಿರದ ಗೆಲಾಕ್ಸಿಗಳ ಮಾತಿಗೆ ಬಂದರೆ, ಜಲಜನಕದ ತಟ್ಟೆ ನಕ್ಷತ್ರಗಳ ತಟ್ಟೆಗಿಂತ ಬಹಳ ದೂರಕ್ಕೆ ಚಾಚಿಕೊಂಡಿರುತ್ತದೆ. ಅಷ್ಟು ದೂರದಲ್ಲಿ ಅನಿಲ ಸುತ್ತುವ ವೇಗ ಕಡಿಮೆಯಾಗಬೇಕಿತ್ತು. 1970ರ ದಶಕದಲ್ಲಿ ಅಳೆದು ನೋಡಿದಾಗ ಅದು ಕಡಿಮೆಯಾಗಲಿಲ್ಲ. ಕಾಣದ ದ್ರವ್ಯದ ಎಳೆತವಿಲ್ಲದೆ ಹಾಗೆ ಸುತ್ತಲು ಸಾಧ್ಯವಿಲ್ಲ. ಕಪ್ಪುದ್ರವ್ಯದ ಪ್ರಬಲ ಸಾಕ್ಷ್ಯಗಳಲ್ಲಿ ಇದೂ ಒಂದು. ಕಣ್ಣಿಗೆ ಕಾಣುವ ಬೆಳಕಿನಿಂದ ವೆರಾ ರೂಬಿನ್ ತೋರಿಸಿದ್ದನ್ನು ನೆದರ್ಲ್ಯಾಂಡ್ಸ್‌ನ ಆಲ್ಬರ್ಟ್ ಬೊಸ್ಮಾ ಜಲಜನಕದಿಂದ ಇನ್ನೂ ದೂರದವರೆಗೆ ಒಯ್ದರು. ಜಿಎಂಆರ್‌ಟಿಯ ಕೊಡುಗೆ ಇರುವುದು ಕುಬ್ಜ ಗೆಲಾಕ್ಸಿಗಳಲ್ಲಿ. ಆಯೇಷಾ ಬೇಗಂ, ಚೆಂಗಲೂರ್ ಮತ್ತು ರಷ್ಯಾದ ಇಗೊರ್ ಕರಾಚೆಂತ್ಸೆವ್ 2005ರಲ್ಲಿ ಎನ್‌ಜಿಸಿ 3741 ಎಂಬ ಪುಟ್ಟ ಗೆಲಾಕ್ಸಿಯ ಜಲಜನಕ ಅದರ ಬೆಳಕಿನ ಅಂಚಿಗಿಂತ ಎಂಟು ಪಟ್ಟಿಗೂ ಹೆಚ್ಚು ದೂರ ಹರಡಿದೆ ಎಂದು ಕಂಡರು. ನಕ್ಷತ್ರಗಳು ಇಷ್ಟೇ ಇಷ್ಟು, ಅನಿಲ ಅಷ್ಟೊಂದು. ಅಷ್ಟು ಅನಿಲವಿದ್ದರೂ ಅದು ಯಾಕೆ ನಕ್ಷತ್ರವಾಗಿಲ್ಲ ಎಂಬ ಪ್ರಶ್ನೆ ನನಗೆ ಕಪ್ಪುದ್ರವ್ಯದ ಪ್ರಶ್ನೆಗಿಂತ ಏನೂ ಕಡಿಮೆಯದೆನಿಸುವುದಿಲ್ಲ.

ದಾಸ್ತಾನು ಖರ್ಚಾಗುವುದು ನಕ್ಷತ್ರ ಹುಟ್ಟುವುದರಿಂದ ಮಾತ್ರವಲ್ಲ, ಕಳೆದುಹೋಗುವುದೂ ಉಂಟು. ರಾಮನ್ ಸಂಸ್ಥೆಯಲ್ಲಿ ಅಮಿತೇಶ್ ಒಮರ್ ಮತ್ತು ದ್ವಾರಕಾನಾಥ್ ಎರಿಡನಸ್ ಗೆಲಾಕ್ಸಿ ಗುಂಪನ್ನು ಜಿಎಂಆರ್‌ಟಿಯಿಂದ ನೋಡಿ 2005ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆನಪಾಗಬೇಕು. ಗುಂಪಿನ ದಟ್ಟ ಭಾಗದಲ್ಲಿದ್ದ ಗೆಲಾಕ್ಸಿಗಳಲ್ಲಿ ಜಲಜನಕ ಎರಡು ಮೂರು ಪಟ್ಟು ಕಡಿಮೆ ಇತ್ತು. ದೊಡ್ಡ ಕೂಟಗಳಲ್ಲಿ ಬಿಸಿ ಅನಿಲದ ಒತ್ತಡವೇ ಗೆಲಾಕ್ಸಿಯ ಅನಿಲವನ್ನು ಉಜ್ಜಿ ತೆಗೆಯುತ್ತದೆ ಎಂಬುದು ಆಗಲೇ ಗೊತ್ತಿತ್ತು. ಎರಿಡನಸ್‌ನಂಥ ಸಾಧಾರಣ ಗುಂಪಿನಲ್ಲಿ ಗೆಲಾಕ್ಸಿಗಳ ಪರಸ್ಪರ ಎಳೆದಾಟದಿಂದಲೇ ನಷ್ಟ ಶುರುವಾಗಿರುತ್ತದೆ ಎಂಬುದು ಇವರ ವಾದ. ದೊಡ್ಡ ಕೂಟ ಸೇರುವ ಮುಂಚೆಯೇ ಗೆಲಾಕ್ಸಿ ಅರ್ಧ ಬರಿದಾಗಿರಬಹುದು.

ಇಷ್ಟೆಲ್ಲ ಹತ್ತಿರದ ಮಾತು. ಒಳಹರಿವಿನ ಪ್ರಶ್ನೆ ಬಿಡಿಸಲು ಹಿಂದಿನ ಕಾಲ ನೋಡಬೇಕು, ಅಂದರೆ ದೂರ ನೋಡಬೇಕು. ವಿಶ್ವದಲ್ಲಿ ನಕ್ಷತ್ರ ಹುಟ್ಟುವ ವೇಗ ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ತುತ್ತತುದಿಯಲ್ಲಿತ್ತು, ಅಲ್ಲಿಂದ ಇವತ್ತಿಗೆ ಹತ್ತನೇ ಒಂದು ಭಾಗದಷ್ಟಕ್ಕೆ ಇಳಿದಿದೆ. ಯಾಕೆ ಇಳಿಯಿತು? ಆಗಿನ ಗೆಲಾಕ್ಸಿಗಳಲ್ಲಿ ಅನಿಲವೆಷ್ಟಿತ್ತು ಎಂದು ಅಳೆದರೆ ಹೇಳಬಹುದು. ತೊಡಕು ಇರುವುದು ಅಲ್ಲೇ. ವಿಶ್ವ ಹಿಗ್ಗುವುದರಿಂದ ಅಷ್ಟು ದೂರದ ಜಲಜನಕದ ಅಲೆ 1420 ಮೆಗಾಹರ್ಟ್ಸ್‌ನಿಂದ 700ಕ್ಕೂ ಕೆಳಗಿಳಿದು ಬರುತ್ತದೆ, ಜೊತೆಗೆ ಒಂದು ಗೆಲಾಕ್ಸಿಯ ಸಂಕೇತ ಉಪಕರಣದ ಗದ್ದಲದಲ್ಲಿ ಪೂರ್ತಿ ಮುಳುಗಿಹೋಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯವೇ ಪೇರಿಕೆ. ಬೆಳಕಿನ ದೂರದರ್ಶಕಗಳು ಸಾವಿರಾರು ಗೆಲಾಕ್ಸಿಗಳ ದೂರವನ್ನು ಮೊದಲೇ ಅಳೆದಿರುತ್ತವೆ. ಅದರಿಂದ ಪ್ರತಿಯೊಂದರ ಜಲಜನಕದ ಅಲೆ ಯಾವ ಆವೃತ್ತಿಯಲ್ಲಿ ಬೀಳಬೇಕೆಂದು ಗೊತ್ತು. ಆ ಆವೃತ್ತಿಗಳನ್ನು ಒಂದೇ ಸಾಲಿಗೆ ತಂದು ಎಲ್ಲ ಸಂಕೇತಗಳ ಸರಾಸರಿ ತೆಗೆದರೆ ಅಲೆ ಉಳಿಯುತ್ತದೆ, ಗದ್ದಲ ಇಳಿಯುತ್ತದೆ. ಗೆಲಾಕ್ಸಿಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಗದ್ದಲ ತಗ್ಗುತ್ತದೆ. 2020ರ ಅಕ್ಟೋಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಬಂಧದಲ್ಲಿ ಹೀಗೆ ಪೇರಿಸಿದ್ದು 7,653 ಗೆಲಾಕ್ಸಿಗಳನ್ನು. ಅದರ ವರ್ಗಮೂಲ 87ಕ್ಕೂ ಸ್ವಲ್ಪ ಹೆಚ್ಚು. ಬರೆದವರು ಪುಣೆಯ ಆದಿತ್ಯ ಚೌಧುರಿ, ಕಾನೇಕರ್, ಚೆಂಗಲೂರ್ ಮತ್ತು ಬೆಂಗಳೂರಿನ ರಾಮನ್ ಸಂಸ್ಥೆಯ ಶಿವ ಸೇಠಿ, ದ್ವಾರಕಾನಾಥ್. ಬಳಸಿದ್ದು ನವೀಕರಿಸಿದ ಜಿಎಂಆರ್‌ಟಿಯ ಸುಮಾರು ನೂರು ಗಂಟೆಗಳ ವೀಕ್ಷಣೆ.

ಸಿಕ್ಕ ಉತ್ತರ ಅಚ್ಚರಿಯದು. ಸುಮಾರು 800 ಕೋಟಿ ವರ್ಷಗಳ ಹಿಂದಿನ ಆ ಗೆಲಾಕ್ಸಿಗಳಲ್ಲಿ ಸರಾಸರಿ 1,190 ಕೋಟಿ ಸೂರ್ಯರಷ್ಟು ತಟಸ್ಥ ಜಲಜನಕವಿತ್ತು. ಖರ್ಚು ವರ್ಷಕ್ಕೆ ಏಳೂ ಮುಕ್ಕಾಲು ಸೂರ್ಯರಷ್ಟು. ಭಾಗಿಸಿದರೆ ನೂರೈವತ್ತು ಕೋಟಿ ವರ್ಷದ ಸುತ್ತಮುತ್ತ ಬರುತ್ತದೆ. ಅಂದರೆ ಹೊಸ ಅನಿಲ ಬಾರದೆ ಹೋದರೆ ಅವು ನೂರರಿಂದ ಇನ್ನೂರು ಕೋಟಿ ವರ್ಷಗಳೊಳಗೆ ಬರಿದಾಗುತ್ತವೆ. ನಕ್ಷತ್ರಗಳ ಹುಟ್ಟು ನಿಜಕ್ಕೂ ಅಲ್ಲಿಂದ ಮುಂದೆ ಕುಸಿದದ್ದರಿಂದ, ಒಳಹರಿವು ಸಾಲದಾಯಿತು ಎಂಬುದು ಅವರ ತೀರ್ಮಾನ. ಎರಡು ವರ್ಷಗಳ ನಂತರ ಅದೇ ತಂಡದ ದೊಡ್ಡ ಸಮೀಕ್ಷೆ 510 ಗಂಟೆ ನೋಡಿ 11,419 ಗೆಲಾಕ್ಸಿಗಳನ್ನು ಪೇರಿಸಿತು.

ನನ್ನ ತಿಳಿವಿನಲ್ಲಿ ಈ ಕೆಲಸದ ಬಲವೂ ಮಿತಿಯೂ ಒಂದೇ ಕಡೆ ಇವೆ. ಸರಾಸರಿ ತೆಗೆದದ್ದರಿಂದಲೇ ಅಲೆ ಕಂಡಿತು. ಆದರೆ ಸರಾಸರಿಯಲ್ಲಿ ತುಂಬಿದ್ದೂ ಬತ್ತಿದ್ದೂ ಬೆರೆತುಹೋಗುತ್ತವೆ. ಒಳಹರಿವು ಸಾಲದಾಯಿತು ಎಂಬುದೂ ದಾಸ್ತಾನು ಮತ್ತು ಖರ್ಚಿನಿಂದ ಕಳೆದು ಪಡೆದ ಉತ್ತರ. ಒಳಗೆ ಸುರಿಯುವ ಅನಿಲವನ್ನೇ ನೇರವಾಗಿ ನೋಡಿ ಅಳೆದದ್ದಲ್ಲ. ಆ ಅನಿಲ ತೀರ ತೆಳು, ಬಹುಪಾಲು ಬಿಸಿ, ಅದರಲ್ಲಿ ಬಹಳಷ್ಟು ತಟಸ್ಥವೂ ಅಲ್ಲ. 21 ಸೆಂಟಿಮೀಟರ್ ಅಲೆಗೆ ಅದು ಸುಲಭಕ್ಕೆ ಸಿಗುವುದಿಲ್ಲ.

ಒಂದೊಂದೇ ಗೆಲಾಕ್ಸಿಯನ್ನು ನೋಡುವ ದಾರಿಯೂ ತೆರೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಅರ್ಣಬ್ ಚಕ್ರವರ್ತಿ, ಸುಮಾರು 880 ಕೋಟಿ ವರ್ಷಗಳ ಹಿಂದೆ ಹೊರಟ ಅಲೆಯನ್ನು ಒಂದೇ ಗೆಲಾಕ್ಸಿಯಿಂದ ಜಿಎಂಆರ್‌ಟಿಯಲ್ಲಿ ಹಿಡಿದೆವೆಂದು 2023ರ ಆರಂಭದಲ್ಲಿ ತಿಳಿಸಿದರು. ಅಲೆ ಬಂದದ್ದು 620 ಮೆಗಾಹರ್ಟ್ಸ್ ಸುಮಾರಿನಲ್ಲಿ. ನಡುವೆ ಇದ್ದ ಇನ್ನೊಂದು ಗೆಲಾಕ್ಸಿಯ ಗುರುತ್ವ ಸಂಕೇತವನ್ನು ಸುಮಾರು ಮೂವತ್ತು ಪಟ್ಟು ಹಿಗ್ಗಿಸಿದ್ದರಿಂದ ಇದು ಸಾಧ್ಯವಾಯಿತು. ಇಷ್ಟು ದೊಡ್ಡ ಮಾತಿಗೆ ಇನ್ನೊಂದು ದೂರದರ್ಶಕದ ಸಾಕ್ಷಿಯೂ ಬೇಕು. ಆ ಸಾಕ್ಷಿ ಸಿಕ್ಕ ಮೇಲೆ ಮಾತ್ರ ಇದನ್ನು ಲೆಕ್ಕದ ಪುಸ್ತಕಕ್ಕೆ ಏರಿಸಬೇಕೆಂಬುದು ನನ್ನ ಅಭಿಪ್ರಾಯ.

ಇನ್ನೂ ಹಿಂದೆ ಹೋದರೆ ಗೆಲಾಕ್ಸಿಗಳೇ ಇಲ್ಲದ ಕಾಲ. ಆಗ ವಿಶ್ವದ ತುಂಬ ತಟಸ್ಥ ಜಲಜನಕವಿತ್ತು. ಮೊದಲ ನಕ್ಷತ್ರಗಳ ಬೆಳಕು ಬಿದ್ದಾಗ ಆ ಅನಿಲ ಹಿನ್ನೆಲೆ ವಿಕಿರಣದಿಂದ ಸ್ವಲ್ಪವನ್ನು ಹೀರಿರಬೇಕು. ಆ ಹೀರಿಕೆಯ ಗುರುತು ಇವತ್ತು ನೂರು ಮೆಗಾಹರ್ಟ್ಸ್‌ಗೂ ಕೆಳಗೆ, ಎಫ್‌ಎಂ ಪಟ್ಟಿಯ ಪಕ್ಕದಲ್ಲೇ ಇರಬೇಕು. 2018ರ ಮಾರ್ಚ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿದ್ದ ಎಡ್ಜಸ್ ಎಂಬ ಉಪಕರಣದ ತಂಡ ಅಂಥ ಗುರುತು 78 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದೆ ಎಂದಿತು. ಆಳ ಅರ್ಧ ಕೆಲ್ವಿನ್. ಸಿದ್ಧಾಂತ ಹೇಳುವ ಗರಿಷ್ಠಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು. ಕಪ್ಪುದ್ರವ್ಯದ ಕಲ್ಪನೆಯನ್ನೇ ಬದಲಿಸಿಕೊಳ್ಳಬೇಕೆಂಬ ಪ್ರಬಂಧಗಳ ಮಳೆ ಸುರಿಯಿತು.

ಈ ಮಾತನ್ನು ಒರೆಗೆ ಹಚ್ಚಿದ ರಾಮನ್ ಸಂಸ್ಥೆಯ ಸರಸ್ ತಂಡದ ಕೆಲಸವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ರವಿ ಸುಬ್ರಹ್ಮಣ್ಯನ್, ಸೌರಭ್ ಸಿಂಗ್, ಉದಯಶಂಕರ್, ಆರ್. ಸೋಮಶೇಖರ್, ಕೆ.ಎಸ್. ಶ್ರೀವಾಣಿ, ಬಿ.ಎಸ್. ಗಿರೀಶ್, ಎ. ರಘುನಾಥನ್, ಮಯೂರಿ ಸತ್ಯನಾರಾಯಣ ರಾವ್ ಮೊದಲಾದವರ ಈ ತಂಡ ಮೊದಲು ಗೌರಿಬಿದನೂರಿನಲ್ಲಿ, ಆಮೇಲೆ ಗಡಿಯಾಚೆ ಅನಂತಪುರ ಸೀಮೆಯ ಟಿಂಬಕ್ಟುವಿನಲ್ಲಿ ನೆಲದ ಮೇಲೆ ಉಪಕರಣ ಇಟ್ಟು ನೋಡಿತ್ತು. ತೊಂದರೆ ಕೊಟ್ಟದ್ದು ನೆಲವೇ. ಆಂಟೆನಾದ ಕೆಳಗಿನ ಮಣ್ಣಿನಲ್ಲಿ ಒಂದು ಪದರ ಕಲ್ಲು, ಒಂದು ಪದರ ತೇವ. ಅವುಗಳಿಂದ ತಟ್ಟಿ ಬರುವ ಅಲೆಗಳು ಸಂಕೇತದಲ್ಲಿ ಏರಿಳಿತ ಎಬ್ಬಿಸುತ್ತವೆ. ಆಕಾಶದ ಸ್ವಂತ ರೇಡಿಯೋ ಪ್ರಭೆಯ ಎದುರು ಹುಡುಕುತ್ತಿರುವ ಗುರುತು ಸಾವಿರಾರು ಪಾಲಿನಲ್ಲಿ ಒಂದು ಪಾಲು. ನೆಲದ ಏರಿಳಿತವೇ ಆ ಗುರುತಿನ ವೇಷ ಹಾಕಿಕೊಂಡು ಬರಬಹುದು. ನೀರಾದರೆ ಹಾಗಿಲ್ಲ. ಮೇಲಿಂದ ತಳದವರೆಗೆ ಒಂದೇ ಬಗೆಯದು, ಅದರ ವಿದ್ಯುತ್ ಗುಣ ಚೆನ್ನಾಗಿ ಗೊತ್ತಿರುವಂಥದು. ಹಾಗಾಗಿ ಆಂಟೆನಾವನ್ನೇ ತೆಪ್ಪದ ಮೇಲೆ ತೇಲಿಬಿಡುವುದು ಎಂದಾಯಿತು. ಶಂಕುವಿನಾಕಾರದ ಲೋಹದ ಆಂಟೆನಾ, ಅದರಡಿ ಲೋಹದ ತಟ್ಟೆ, ಅದರ ಕೆಳಗೆ ಆಳವಾದ ಸಿಹಿನೀರು.

2020ರ ಆರಂಭದಲ್ಲಿ ಸರಸ್ 3 ಎಂಬ ಈ ಉಪಕರಣ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿತು. ಹೊನ್ನಾಳಿ, ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದ ತಾಲ್ಲೂಕುಗಳು. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಆ ಲೆಕ್ಕದಲ್ಲಿ ಶರಾವತಿಯದು ನಮ್ಮ ಹಳೆಯ ಜಿಲ್ಲೆಯ ನೀರಿನಲ್ಲಿ ನಡೆದ ಪ್ರಯೋಗ. ಶರಾವತಿಯ ಈ ಲಿಂಗನಮಕ್ಕಿ ಹಿನ್ನೀರೆಂದರೆ ಮುಳುಗಡೆಯಾದ ಊರುಗಳ ನೋವಿನ ನೀರು. ಆ ನೀರಿನ ಸುತ್ತ ಜನವಸತಿ ವಿರಳವಾಗಿರುವುದೇ ಈ ವಿಜ್ಞಾನಕ್ಕೆ ಬೇಕಿದ್ದ ಮೌನವನ್ನು ಕೊಟ್ಟಿತು ಎಂಬುದನ್ನು ಮರೆಯಬಾರದು.

ಸುಮಾರು 15 ಗಂಟೆಗಳ ದತ್ತಾಂಶವನ್ನು ತಿಂಗಳುಗಟ್ಟಲೆ ಜಾಲಾಡಿ, 2022ರಲ್ಲಿ ನೇಚರ್ ಆಸ್ಟ್ರಾನಮಿಯಲ್ಲಿ ಅವರು ಕೊಟ್ಟ ಉತ್ತರ: ಎಡ್ಜಸ್ ಹೇಳಿದ ಗುರುತು ಇಲ್ಲಿಲ್ಲ. ಶೇಕಡಾ 95.3 ವಿಶ್ವಾಸದಿಂದ ಅದನ್ನು ತಳ್ಳಿಹಾಕಬಹುದು. ಅದೇ ವರ್ಷ ಇನ್ನೊಂದು ಪ್ರಬಂಧ, ಮಹಾಸ್ಫೋಟದ ನಂತರ 20 ಕೋಟಿ ವರ್ಷದ ಹೊತ್ತಿಗಿದ್ದ ಮೊದಲ ಗೆಲಾಕ್ಸಿಗಳು ತಮ್ಮ ಅನಿಲದಲ್ಲಿ ನಕ್ಷತ್ರವಾಗಿಸಿದ ಪಾಲು ಶೇಕಡಾ 3ಕ್ಕಿಂತ ಕಡಿಮೆ ಇರಬೇಕೆಂದು ಇದೇ ದತ್ತಾಂಶದಿಂದ ಅಂದಾಜಿಸಿತು. ಏನೂ ಕಾಣದ ಪ್ರಯೋಗದಿಂದ ಬಂದ ಅರಿವು ಇದು. ಸಿಗಲಿಲ್ಲ ಎಂದು ಧೈರ್ಯವಾಗಿ ಹೇಳುವುದಕ್ಕೆ ಸಿಕ್ಕಿತು ಎನ್ನುವುದಕ್ಕಿಂತ ಹೆಚ್ಚು ಕೆಲಸ ಬೇಕಾಗುತ್ತದೆ. ಕನ್ನಡ ನಾಡಿನಲ್ಲಿ ನಡೆದ ಪ್ರಯೋಗಗಳಲ್ಲಿ ಇದಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲವೆಂದು ನಾನು ನಂಬುತ್ತೇನೆ. ಇದರ ಮುಂದಿನ ಹೆಜ್ಜೆ ಪ್ರತುಷ್. ಚಂದ್ರನನ್ನು ಸುತ್ತುತ್ತ, ಭೂಮಿಯ ಗದ್ದಲ ತಲುಪದ ಅದರ ಆಚೆ ಬದಿಯಲ್ಲಿ ಇದೇ ಗುರುತನ್ನು ಹುಡುಕುವ ಉಪಕರಣಕ್ಕೆ ರಾಮನ್ ಸಂಸ್ಥೆ ಸಿದ್ಧತೆ ನಡೆಸಿದೆ.

ಚಂದ್ರನವರೆಗೆ ಹೋಗಬೇಕಾದದ್ದೇಕೆ ಎಂಬುದಕ್ಕೆ ಉತ್ತರ ನಮ್ಮ ಜೇಬಿನಲ್ಲೇ ಇದೆ. ಅಂತರರಾಷ್ಟ್ರೀಯ ಒಪ್ಪಂದದಲ್ಲಿ 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾರೂ ಅಲೆ ಸೂಸುವಂತಿಲ್ಲ. ಆದರೆ ಆ ಕಾಪು ಹತ್ತಿರದ ಜಲಜನಕಕ್ಕೆ ಮಾತ್ರ. 800 ಕೋಟಿ ವರ್ಷ ಹಿಂದಿನ ಜಲಜನಕ ಬೀಳುವುದು 710 ಮೆಗಾಹರ್ಟ್ಸ್ ಸುಮಾರಿಗೆ. ಭಾರತದಲ್ಲಿ 700 ಮೆಗಾಹರ್ಟ್ಸ್ ಪಟ್ಟಿ 2022ರ ಹರಾಜಿನಲ್ಲಿ ಮೊಬೈಲ್ ಸೇವೆಗೆ ಹೋಯಿತು. ಹಳ್ಳಿಗೆ ಮೊಬೈಲ್ ಬೇಡವೆನ್ನುವವನು ನಾನಲ್ಲ. ಜಗಳೂರಿನ ದೂರದ ಹಟ್ಟಿಗೂ ಸಿಗ್ನಲ್ ಬರಬೇಕು. ಆದರೆ ಕೆಲವು ಜಾಗಗಳನ್ನಾದರೂ ರೇಡಿಯೋ ಮೌನದ ತಾಣಗಳೆಂದು ಗುರುತಿಸಿ ಕಾಯುವುದು ಸರ್ಕಾರದ ಕೈಯಲ್ಲಿದೆ. ಜಿಂಕೆ, ಕೊಂಡುಕುರಿಗಳಿಗೆ ರಂಗಯ್ಯನದುರ್ಗದ ಅಭಯಾರಣ್ಯ ಮಾಡಿದ ಸಮಾಜಕ್ಕೆ ಇದು ಅಸಾಧ್ಯವಲ್ಲ. ಮುಂದಿನ ದಶಕದ ದೊಡ್ಡ ಉಪಕರಣವಾದ ಎಸ್‌ಕೆಎ ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದ ಮರುಭೂಮಿಯಲ್ಲಿ ಏಳುತ್ತಿರುವುದಕ್ಕೂ ಮೌನವೇ ಕಾರಣ. ಭಾರತ ಸುಮಾರು 1,250 ಕೋಟಿ ರೂಪಾಯಿಯೊಂದಿಗೆ ಅದರಲ್ಲಿ ಪಾಲುದಾರ. ಪೇರಿಸದೆಯೇ ದೂರದ ಗೆಲಾಕ್ಸಿಗಳ ಜಲಜನಕವನ್ನು ಒಂದೊಂದಾಗಿ ನೋಡುವುದು ಅದರ ಗುರಿಗಳಲ್ಲಿ ಒಂದು.

ಆ ಉಪಕರಣಗಳ ದತ್ತಾಂಶ ಓದುವ ಹುಡುಗ ಹುಡುಗಿಯರು ನಮ್ಮ ನಾಲ್ಕು ತಾಲ್ಲೂಕಿನ ಪದವಿ ಕಾಲೇಜುಗಳಿಂದಲೂ ಬರಬೇಕು. ಅದಕ್ಕೆ ದೊಡ್ಡ ದೂರದರ್ಶಕ ಬೇಕಿಲ್ಲ. ಯೂವೆನ್ ಕಟ್ಟಿದಂಥ ಕಹಳೆಯನ್ನು ಇವತ್ತು ಅಲ್ಯೂಮಿನಿಯಂ ಹಾಳೆ ಅಂಟಿಸಿದ ದಪ್ಪ ರಟ್ಟಿನಿಂದ ಮಾಡಬಹುದು. ಅದರ ಹಿಂದಿನ ತುದಿಗೆ ಎಣ್ಣೆಯ ತಗಡಿನ ಡಬ್ಬಿಯಂಥದೊಂದು, ಅದರೊಳಗೆ ಸುಮಾರು 5.3 ಸೆಂಟಿಮೀಟರ್ ಉದ್ದದ ತಾಮ್ರದ ಕಡ್ಡಿ. ಅದು 21 ಸೆಂಟಿಮೀಟರಿನ ಕಾಲು ಭಾಗ. ಅಲ್ಲಿಂದ ಮುಂದೆ 1420 ಮೆಗಾಹರ್ಟ್ಸ್‌ಗೆಂದೇ ಸಿಗುವ ಒಂದು ಆಂಪ್ಲಿಫೈಯರ್, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ರಿಸೀವರ್. ಒಟ್ಟು ಖರ್ಚು ಒಂದು ಸಾಧಾರಣ ಮೊಬೈಲಿನ ಬೆಲೆ. ಅಕ್ಟೋಬರ್ ಸಂಜೆ ರಾಜಹಂಸ ನಕ್ಷತ್ರಪುಂಜ ನೆತ್ತಿಯಿಂದ ತುಸು ಉತ್ತರಕ್ಕಿರುತ್ತದೆ. ಕಹಳೆಯನ್ನು ಅತ್ತ ತಿರುಗಿಸಿ ಕೆಲವು ನಿಮಿಷ ಸಂಕೇತ ಕೂಡಿಸಿದರೆ ಪರದೆಯ ಮೇಲೆ ಒಂದಕ್ಕಿಂತ ಹೆಚ್ಚು ಉಬ್ಬು ಏಳುತ್ತವೆ. ಬೇರೆ ಬೇರೆ ವೇಗದಲ್ಲಿ ಸುತ್ತುತ್ತಿರುವ ಸುರುಳಿ ತೋಳುಗಳ ಅನಿಲ ಅದು.

ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. ವೃಷಭ ರಾಶಿಯ ಉತ್ತರದ ಕೊಂಬಿನ ತುದಿಯ ಹತ್ತಿರ, ಆಕಾಶಗಂಗೆಯ ಕೇಂದ್ರಕ್ಕೆ ನೇರ ಬೆನ್ನಿನ ದಿಕ್ಕಿದೆ. ಅಲ್ಲಿಯ ಅನಿಲ ನಮ್ಮತ್ತ ಬರುವುದೂ ಇಲ್ಲ, ದೂರ ಹೋಗುವುದೂ ಇಲ್ಲ ಎನ್ನಬಹುದು. ಆದ್ದರಿಂದ ಕಾಣುವುದು ಒಂದೇ ಉಬ್ಬು. ಸೆಪ್ಟೆಂಬರ್ ನಡುವಿನಲ್ಲಿ ಭೂಮಿ ತನ್ನ ಕಕ್ಷೆಯಲ್ಲಿ ಆ ದಿಕ್ಕಿನತ್ತ ಓಡುತ್ತಿರುತ್ತದೆ, ಮಾರ್ಚ್‌ನಲ್ಲಿ ಅಲ್ಲಿಂದ ದೂರಕ್ಕೆ. ರೇಡಿಯೋಗೆ ಹಗಲು ರಾತ್ರಿಯ ಹಂಗಿಲ್ಲದ್ದರಿಂದ ಎರಡು ತಿಂಗಳಲ್ಲೂ ಆ ದಿಕ್ಕು ನೆತ್ತಿಗೆ ಬಂದಾಗ ಅಳೆಯಬಹುದು. ಎರಡರ ನಡುವೆ ವೇಗದ ವ್ಯತ್ಯಾಸ ಸೆಕೆಂಡಿಗೆ 60 ಕಿಲೋಮೀಟರ್ ಸುಮಾರು, ಉಬ್ಬು ಜಾರುವುದು ಸುಮಾರು 280 ಕಿಲೋಹರ್ಟ್ಸ್. ಕಾಲೇಜಿನ ಮಾಳಿಗೆಯ ಮೇಲೆ ಇಟ್ಟ ರಟ್ಟಿನ ಕಹಳೆಗೆ ಇದು ಸಾಕಷ್ಟು ದೊಡ್ಡ ಅಂತರ. ಒಂದು ಶೈಕ್ಷಣಿಕ ವರ್ಷದೊಳಗೆ ಎರಡೂ ಅಳತೆ ಮುಗಿಯುತ್ತವೆ, ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗೆ ಬೇಕಾದಷ್ಟು ಸರಕೂ ಸಿಗುತ್ತದೆ.